ಭೂತಮ್ಮ ಎತ್ತಿದ ಎಲೆ

ಹೊಂಗಡಹಳ್ಳ
12 ಫೆಬ್ರವರಿ 2025

ಸುನಿಲ್‌ಕುಮಾರನಿಗೆ,

ನಿನ್ನ ಫೋನ್ ಬಂದಾಗಲೆಲ್ಲ ನಾನು ಎತ್ತದೆ ಬಿಟ್ಟದ್ದು ಬೇಕೆಂದೇ. ಮಾತಿನಲ್ಲಿ ನೀನು ಯಾವಾಗಲೂ ಮುಂದು. ನನ್ನದು ಎಸ್ಸೆಸ್ಸೆಲ್ಸಿಯ ಓದು. ಎದುರಿಗೆ ಕೂತವರಿಗೆ ಕೊಡಬೇಕಾದ ಉತ್ತರ ಅವರು ಎದ್ದು ಹೋದ ಮೇಲೆ ಹೊಳೆಯುತ್ತದೆ. ದಿನಾ ಸಂಜೆ ಡೈರಿ ಬರೆದು ರೂಢಿಯಾಗಿರುವುದರಿಂದ ಬರೆಯುವಾಗ ಮಾತ್ರ ತಡವರಿಸುವುದಿಲ್ಲ. ನೀನೂ ಬರೆದೇ ಉತ್ತರ ಕೊಡು.

ನೀನು ಪುಣೆಯಿಂದ ಕಳಿಸಿದ ಕಾಗದ ತಲುಪಿತು. ಸಕಲೇಶಪುರದಲ್ಲಿ ಬೇಸ್‌ಬಾಲ್ ಕಲಿಸುವ ಕೇಂದ್ರವನ್ನು ನಿಮ್ಮ ಕ್ಲಬ್ಬಿನವರು ತೆರೆಯುತ್ತಾರೆ, ಅದಕ್ಕೆ ನನ್ನ ತಮ್ಮ ಧರ್ಮನ ಹೆಸರು ಇಡುತ್ತಾರೆ, ನೀನು ಅದರ ಮುಖ್ಯ ತರಬೇತುದಾರನಾಗಿ ಊರಿಗೆ ಬರುತ್ತೀಯ. ಅದಕ್ಕೆ ನಾನು ಒಪ್ಪಿಗೆಯ ಸಹಿ ಹಾಕಬೇಕು, ಉದ್ಘಾಟನೆಯ ದಿನ ನಿನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು.

ಕಾಗದದಲ್ಲಿ ಅವನ ಬಗ್ಗೆ ಬರೆದದ್ದನ್ನು ಓದಿದೆ. 'ನಮ್ಮ ದೇಶದಲ್ಲಿ ಸಂಬಳ ಪಡೆದು ಬೇಸ್‌ಬಾಲ್ ಆಡಿದ ಮೊದಲಿಗರಲ್ಲಿ ಒಬ್ಬ. ಮೊಣಕೈ ಗಾಯದಿಂದ ಆಟ ಬಿಟ್ಟ' ಎಂದಿದೆ. ಗಾಯ ಎಲ್ಲಿಂದ ಬಂತು ಎಂದು ಇಲ್ಲ. ಆಟ ಬಿಟ್ಟು ಬಂದವನು ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಕೆಲಸಕ್ಕೆ ಸೇರಿದ, ಹೋದ ವರ್ಷ ಮೇ ತಿಂಗಳಲ್ಲಿ ಎಸ್ಟೇಟಿನ ಸಿಲ್ವರ್ ಮರದಿಂದ ಬಿದ್ದು ಸತ್ತ ಎಂದೂ ಇಲ್ಲ. ಮೇಲಿನ ಕೊಂಬೆ ಹಿಡಿದಿದ್ದ ಬಲಗೈ ತಾನಾಗಿಯೇ ಬಿಟ್ಟುಕೊಂಡಿತಂತೆ. ಕೆಳಗೆ ಹಗ್ಗ ಹಿಡಿದಿದ್ದ ಸಿದ್ದಬಸಪ್ಪ ಹೇಳಿದ.

ನನಗೆ ಒಂದೇ ವಿಷಯ ಬೇಕು. ಕೈ ನೋಯುತ್ತದೆ ಎಂದು ಅವನು ನಿನಗೆ ಹೇಳಿದ್ದನೇ? ಹೇಳಿದ್ದರೆ, ನೀನು ನಿಮ್ಮ ಕ್ಲಬ್ಬಿನ ಡಾಕ್ಟರಿಗೆ ಏನು ಹೇಳಿದೆ?

ವಾಣಿ

*

ಪುಣೆ
21 ಫೆಬ್ರವರಿ 2025

ವಾಣಕ್ಕನಿಗೆ ನಮಸ್ಕಾರ.

ಎಷ್ಟು ವರ್ಷವಾಯಿತೋ ಪೆನ್ನು ಹಿಡಿದು ಪತ್ರ ಬರೆದು! ಅಕ್ಷರ ನೋಡಿ ನಗಬೇಡಿ. ನಿಮ್ಮ ಪತ್ರ ಬಂದದ್ದೇ ನನಗೆ ದೊಡ್ಡದು.

ಅಕ್ಕ, ಧರ್ಮನ ವಿಷಯ ನೀವು ನನಗೆ ನೆನಪಿಸಬೇಕೇ? ಏಲಕ್ಕಿ ತೋಟಕ್ಕೆ ಬರುವ ಮಂಗಗಳಿಗೆ ಅವನು ಕಲ್ಲು ಬೀಸುತ್ತಿದ್ದದ್ದು ನೋಡಿಯೇ ಅಲ್ಲವೇ ಕಾಲೇಜಿನ ಪಿ.ಟಿ. ಮಾಸ್ತರು ಅವನ ಕೈಗೆ ಆ ಚೆಂಡು ಕೊಟ್ಟದ್ದು. ಅವನು ಎಸೆಯುವವನು, ಅಂದರೆ ಪಿಚರ್. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಿಡಿಯುವ ಕ್ಯಾಚರ್. ಯಾವ ಚೆಂಡು ಎಸೆಯಬೇಕು ಎಂದು ಬೆರಳಿನ ಸನ್ನೆಯಲ್ಲಿ ಹೇಳುವವನೂ ನಾನೇ. ಬೇರೆಯವರು ಹಿಡಿಯಲು ಹೋದರೆ ಬೆರಳು ಮುರಿಯುತ್ತಿತ್ತು. ಪುಣೆಯ ಲೀಗಿಗೆ ನಮ್ಮನ್ನು ಜೋಡಿಯಾಗಿಯೇ ತೆಗೆದುಕೊಂಡರು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಜವರಪ್ಪ ಕೇಳಿದ್ದು ನೆನಪಿದೆಯಾ? "ಕ್ರಿಕೆಟ್ಟೇನ್ರಲಾ?" "ಅಲ್ಲ, ಬೇರೆ ಆಟ." "ಕ್ರಿಕೆಟ್ ಅಲ್ದಿದ್ ಮ್ಯಾಕೆ ಸಂಬ್ಳ ಯಾಕಲಾ ಕೊಟ್ಟಾರು? ಕಿಡ್ನಿ ಗಿಡ್ನಿ ಜ್ವಾಪಾನ!" ಧರ್ಮ ಹುಬ್ಬಳ್ಳಿ ದಾಟುವವರೆಗೂ ನಗುತ್ತಲೇ ಇದ್ದ.

ಅವನಿಗೆ ಹಿಂದಿ ಬರುತ್ತಿರಲಿಲ್ಲ, ಇಂಗ್ಲಿಷ್ ಇಲ್ಲ. ಕೋಚ್, ಡಾಕ್ಟರು, ಅಡುಗೆಯವನು, ಎಲ್ಲರ ಹತ್ತಿರವೂ ಅವನ ಪರವಾಗಿ ನಾನೇ ಮಾತಾಡುತ್ತಿದ್ದೆ. ಡಾಕ್ಟರು ಕೇಳಿದಾಗ ಅವನು ಏನು ಹೇಳಿದನೋ ಅದನ್ನೇ ಹಿಂದಿಯಲ್ಲಿ ಹೇಳಿದ್ದೇನೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಆಟದಲ್ಲಿ ಪಿಚರ್‌ಗಳ ಮೊಣಕೈ ಹೋಗುವುದು ಹೊಸದಲ್ಲ ಅಕ್ಕ. ಅದು ಯಾರ ತಪ್ಪೂ ಅಲ್ಲ.

ದಯವಿಟ್ಟು ಸಹಿ ಹಾಕಿ ಕಳಿಸಿ. ಅವನ ಹೆಸರು ಊರಲ್ಲಿ ಉಳಿಯಲಿ. ಅಮ್ಮನನ್ನು ಆಗಾಗ ನೋಡಿಕೊಳ್ಳುತ್ತೀರಿ ಎಂದು ಅವಳೇ ಫೋನಿನಲ್ಲಿ ಹೇಳುತ್ತಾಳೆ. ಆ ಋಣ ತೀರಿಸಲಾರೆ.

ನಿಮ್ಮ ತಮ್ಮ,
ಸುನಿಲ್

*

ಹೊಂಗಡಹಳ್ಳ
3 ಮಾರ್ಚ್ 2025

ಸುನಿಲ್‌ಕುಮಾರನಿಗೆ,

'ನಿಮ್ಮ ತಮ್ಮ' ಎಂದು ಇನ್ನು ಮೇಲೆ ಬರೆಯಬೇಡ.

ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಬರೆದಿದ್ದೀಯ. ಹಾಗಿದ್ದರೆ ಅದನ್ನೇ ಬನದ ಚೌಡಮ್ಮನ ಮುಂದೆ ಹೇಳಿಬಿಡು. ಊರು ಬಿಟ್ಟು ವರ್ಷಗಳಾದವು, ಮರೆತಿರಬಹುದು, ಕ್ರಮ ಹೇಳುತ್ತೇನೆ. ಹಳ್ಳದಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಬರಬೇಕು. ಕಲ್ಲಿನ ಮೇಲೆ ಪೂಜಾರಿ ವೀಳ್ಯದೆಲೆ ಇಡುತ್ತಾನೆ. ಊರವರ ಎದುರಿಗೆ ನಿನ್ನ ಮಾತು ಹೇಳಿ, ಆ ಎಲೆ ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಅಲ್ಲಿಂದ ದೀಪಾವಳಿಯವರೆಗೆ ಗಡುವು. ಅಷ್ಟರೊಳಗೆ ಎಲೆ ಎತ್ತಿದವರಿಗೆ ಏನೂ ಆಗದಿದ್ದರೆ ಮಾತು ನಿಜ. ಹಬ್ಬದ ದಿನ ಮತ್ತೊಂದು ಎಲೆ ಎತ್ತಿ ಮುಗಿಸುತ್ತಾರೆ. ಆಮೇಲೆ ಅದರ ಬಗ್ಗೆ ಯಾರೂ ಬಾಯಿ ಬಿಡುವ ಹಾಗಿಲ್ಲ, ನಾನೂ ಸೇರಿ.

ಎಲೆ ಎತ್ತು, ಗಡುವು ಕಳೆಯಲಿ, ಸಹಿ ಹಾಕುತ್ತೇನೆ. ನಿನಗೆ ದೇವರಲ್ಲಿ ನಂಬಿಕೆ ಇಲ್ಲದಿದ್ದರೆ ಇನ್ನೂ ಸುಲಭ, ಬರೀ ಒಂದು ಎಲೆ.

ವಾಣಿ

*

ಪುಣೆ
11 ಮಾರ್ಚ್ 2025

ವಾಣಕ್ಕ,

ಇಷ್ಟೇ ತಾನೇ? ನಾನು ಏನೋ ದೊಡ್ಡ ಕೋಪ ಎಂದುಕೊಂಡಿದ್ದೆ. ಬರುತ್ತೇನೆ. ಯುಗಾದಿಗೆ ರಜೆ ಕೇಳಿದ್ದೇನೆ. ಎಲೆ ಎತ್ತಿ, ಅಮ್ಮನ ಕೈಯ ಹೋಳಿಗೆ ತಿಂದು, ನಿಮ್ಮ ಕೈಯಿಂದಲೇ ಕಾಗದ ತೆಗೆದುಕೊಂಡು ಹೋಗುತ್ತೇನೆ. ಒಂದು ತಮಾಷೆ ನೋಡಿ, ಇಲ್ಲಿನ ಹುಡುಗರಿಗೆ ಹೇಳಿದೆ, ನಮ್ಮೂರಲ್ಲಿ ಕೋರ್ಟು ಮರದ ಕೆಳಗಿದೆ ಎಂದು.

ಗಡುವಿನವರೆಗೆ ಕಾಯುವುದು ಕ್ಲಬ್ಬಿನವರಿಗೆ ಕಷ್ಟ. ಅದನ್ನು ಎದುರಿಗೆ ಕೂತು ಮಾತಾಡೋಣ.

ಸುನಿಲ್

*

ಹೊಂಗಡಹಳ್ಳ
20 ಏಪ್ರಿಲ್ 2025

ಸುನಿಲ್‌ಕುಮಾರನಿಗೆ,

ಯುಗಾದಿಗೆ ನೀನು ಬರಲಿಲ್ಲ. ಕ್ಯಾಂಪ್ ಬಿತ್ತು ಎಂದು ನಿನ್ನ ಅಮ್ಮನಿಗೆ ಫೋನ್ ಮಾಡಿದೆಯಂತೆ. ಅಷ್ಟರ ಜೊತೆಗೆ ಇನ್ನೂ ಒಂದು ಮಾತು ಹೇಳಿದೆಯಂತೆ: "ವಾಣಕ್ಕ ನನ್ ಮ್ಯಾಲೆ ಅನ್ಮಾನ ಪಡ್ತಾವ್ಳೆ ಕಣಮ್ಮ." ಅದರ ನಂತರ ಏನಾಯಿತು ಎಂದು ನಿನಗೆ ಅವರು ಸರಿಯಾಗಿ ಹೇಳಿರಲಾರರು. ನಾನು ಹೇಳುತ್ತೇನೆ.

ಬನದಲ್ಲಿ ಜನ ಸೇರಿದ್ದರು. ಪೂಜಾರಿ ಜವರಪ್ಪ ಎಲೆ ಇಟ್ಟು ದಾರಿ ನೋಡಿದ. ಬಿಸಿಲು ನೆತ್ತಿಗೆ ಬಂತು. "ಬರ್ನಿಲ್ಲ ಅಂದ್ರೆ ಒಪ್ಕಂಡಂಗೇ ಅಲ್ವೇನ್ರಪ್ಪಾ?" ಎಂದ. ಯಾರೋ ನಕ್ಕರು. ಆಗ ಹಳ್ಳದ ಕಡೆಯಿಂದ ನಿನ್ನ ಅಮ್ಮ, ನಮ್ಮ ಭೂತಮ್ಮತ್ತೆ, ಬಂದರು. ಸೀರೆಯಿಂದ ನೀರು ಸುರಿಯುತ್ತಿತ್ತು.

"ಯಾವನ್ಲಾ ಒಪ್ಕಂಡ ಅಂದೋನು? ರಜ ಸಿಗ್ನಿಲ್ಲ ಅಂದ್ರೆ ಕಳ್ಳ ಆಗ್ಬುಡ್ತಾನಾ? ಮನೆ ಹಿರೇಳು ನಾನಿವ್ನಿ. ಹಿರೇರು ಎತ್ತಬೌದು ಅಂತ ಐತೋ ಇಲ್ವೋ ಹೇಳು."

"ಐತೆ ಕಣವ್ವಾ," ಎಂದ ಜವರಪ್ಪ. "ಆದ್ರೆ ಎತ್ತುದೋರ ತಲೆ ಮ್ಯಾಲೇ ಬರ್ತದೆ. ಮಗನ್ ತಲೆಗೆ ದಾಟ್ಸಕ್ಕಾಗಲ್ಲ."

"ಬರ್ಲಿ. ಬಂದ್ರೆ ತಾನೆ!"

ನಾನು ಮುಂದೆ ಹೋಗಿ, "ಅತ್ತೆ ಬ್ಯಾಡ, ಅವ್ನೇ ಬರ್ಲಿ," ಎಂದೆ. ಅವರು ನನ್ನ ಕಡೆ ತಿರುಗಿ, "ನೀ ಸುಮ್ಕಿರೇ ವಾಣಿ. ನನ್ ಮಗುನ್ ಮ್ಯಾಲೆ ನಿಂಗ್ ಅನ್ಮಾನ. ನಂಗಿಲ್ಲ," ಎಂದರು. ಎರಡನೇ ಸಲ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬರಲಿಲ್ಲ ಎಂದು ಬರೆಯುವುದು ಸರಿಯಲ್ಲ, ನಾನು ಹೇಳಲಿಲ್ಲ.

'ಧರ್ಮ ಹೇಳಿದ್ನೇ ನನ್ ಮಗ ಡಾಕ್ಟ್ರಿಗೆ ಹೇಳವ್ನೆ' ಎಂದು ಹೇಳಿ ಅವರು ಎಲೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು.

ವಾಣಿ

*

ಪುಣೆ
2 ಮೇ 2025

ವಾಣಕ್ಕ,

ಅಮ್ಮ ಎಲೆ ಎತ್ತಿದ್ದು ಗೊತ್ತಾಯಿತು. ಅವಳ ಧೈರ್ಯವೇ ಹಾಗೆ, ನಮ್ಮಪ್ಪನನ್ನೂ ಹೆದರಿಸಿ ಇಟ್ಟಿದ್ದವಳು. ಅಂತೂ ಮುಗಿಯಿತಲ್ಲ. ಅಮ್ಮ ಎತ್ತಿದರೆ ನಾನು ಎತ್ತಿದ ಹಾಗೆಯೇ. ನಿಮ್ಮ ಮನಸ್ಸಿನ ಭಾರವೂ ಇಳಿದಿರಬೇಕು.

ಕಾಗದ ಇನ್ನೊಂದು ಪ್ರತಿ ಕಳಿಸಿದ್ದೇನೆ. ಮಳೆ ಹಿಡಿಯುವ ಮೊದಲು ಮೈದಾನ ಮಟ್ಟ ಮಾಡಿಸಬೇಕು ಎನ್ನುತ್ತಿದ್ದಾರೆ. ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕಿದರೆ ಸಾಕು.

ಸುನಿಲ್

*

ಹೊಂಗಡಹಳ್ಳ
15 ಜುಲೈ 2025

ಸುನಿಲ್‌ಕುಮಾರನಿಗೆ,

ಮುಗಿಯಿತು ಎಂದು ನೀನು ಬರೆದ ಮೇಲೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ನನಗೆ ಅನುಮಾನ ಎಂದು ನಿನ್ನ ಅಮ್ಮನಿಗೆ ಹೇಳಿದೆಯಲ್ಲ, ಅದು ತಪ್ಪು. ನನಗೆ ಅನುಮಾನ ಇರಲಿಲ್ಲ. ಧರ್ಮ ಊರಿಗೆ ಬಂದ ವಾರದಲ್ಲೇ ನನಗೆ ಹೇಳಿದ್ದ. ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಯಾಕೋ ಎಂದು ಕೇಳಿದೆ.

"ಸುನಿ ಎರಡ್ ಬೆರಳು ತೋರ್ಸುದ್ರೆ ತಿರುಗೋ ಚೆಂಡು ಎಸೀಬೇಕು ಕಣಕ್ಕ. ಅದು ಎಸ್ದಾಗೆಲ್ಲ ಮೊಣಕೈ ಒಳಗೆ ಕೆಂಡ ಇಟ್ಟಂಗಾಗದು. ಆಗಲ್ಲ ಅಂತ ತಲೆ ಆಡಿಸ್ದೆ. ಅವ್ನು ಮತ್ತೆ ಎರಡೇ ತೋರ್ಸ್ದ."

"ಡಾಕ್ಟ್ರು ಇರ್ನಿಲ್ವೇನೋ?"

"ಇದ್ರು. ಎಲ್ಲಾ ಹೇಳ್ದೆ. ರಾತ್ರಿ ನಿದ್ದೆ ಬರಲ್ಲ, ಬೆರಳು ಜೋಮು ಹಿಡೀತದೆ, ಹಲ್ಲುಜ್ಜಕ್ಕಾಗಲ್ಲ, ಎಲ್ಲಾನೂ. ನಾನ್ ಅಷ್ಟುದ್ದ ಹೇಳಿದ್ನ ಅವ್ನು ಎರಡೇ ಮಾತಲ್ಲಿ ಮುಗಿಸ್ಬುಟ್ಟ. ಡಾಕ್ಟ್ರು ನಗ್ತಾ ಬೆನ್ನು ತಟ್ಟಿ ಕಳ್ಸುದ್ರು. ನೋವು ಅಂದೋನ ಬೆನ್ನು ತಟ್ತಾರೇನಕ್ಕ?"

ಅಂದೇ ಅವನಿಗೆ ಗೊತ್ತಾಗಿತ್ತು. ಆದರೂ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದು ಅವನ ಗುಣ. ನನ್ನದಲ್ಲ.

ಇದನ್ನು ನಿನ್ನ ಅಮ್ಮನಿಗೆ ನಾನು ಹೇಳಿಲ್ಲ. ಬೆಳಿಗ್ಗೆ ನಾನು ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಲು ನರ್ಸರಿಗೆ ಹೋಗುವಾಗ ಅವರು ಬಾಗಿಲಲ್ಲಿ ನಿಂತಿರುತ್ತಾರೆ. "ನೋಡೇ, ಏನೂ ಆಗಿಲ್ಲ ನಂಗೆ," ಎಂದು ಕೈ ತಿರುಗಿಸಿ ತೋರಿಸುತ್ತಾರೆ. ನಾನು ನಗುತ್ತೇನೆ. ಎಲೆ ಅವರ ತಲೆಯ ಮೇಲಿದೆ. ಅದು ಯಾರ ತಲೆಯ ಮೇಲೆ ಇರಬೇಕಾಗಿತ್ತು ಎಂದು ನಿನಗೆ ಗೊತ್ತು, ನನಗೂ ಗೊತ್ತು. ದೀಪಾವಳಿ ದೂರವಿದೆ.

ವಾಣಿ

*

ಹೊಂಗಡಹಳ್ಳ
2 ಅಕ್ಟೋಬರ್ 2025

ಸುನಿಲ್‌ಕುಮಾರನಿಗೆ,

ಜುಲೈ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುತ್ತೀಯ ಎಂದು ನಾನೂ ಕಾದಿರಲಿಲ್ಲ. ಈಗ ಬರೆಯಬೇಕಾದದ್ದು ಬಂದಿದೆ.

ಭೂತಮ್ಮತ್ತೆಗೆ ಸರ್ಪಸುತ್ತು ಆಗಿದೆ. ಎಡಗಡೆ ಪಕ್ಕೆಯಿಂದ ಎದ್ದ ಬೊಬ್ಬೆ ಬೆನ್ನಿನ ಕಡೆಗೆ ಹೊರಳಿದೆ. ಸೆರಗು ತಾಗಿದರೆ ಕಿರುಚುತ್ತಾರೆ. ಬೆನ್ನ ಹಿಂದೆ ಅದರ ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಎಂದು ನಮ್ಮ ಕಡೆ ಹೇಳುವುದು ನಿನಗೆ ಗೊತ್ತಿದೆ. ಅವರಿಗೂ ಗೊತ್ತಿದೆ. ದಿನಾ ಬೆಳಿಗ್ಗೆ ನನ್ನನ್ನು ಕರೆದು ಬೆನ್ನು ತೋರಿಸಿ, "ಎಲ್ಲಿಗಂಟ ಬಂತೇ?" ಎಂದು ಕೇಳುತ್ತಾರೆ. ನೋಡಿ ಹೇಳುತ್ತೇನೆ. ನಿನಗೆ ಫೋನಿನಲ್ಲಿ ಜ್ವರ ಎಂದಷ್ಟೇ ಹೇಳಿದ್ದಾರೆ, ಕೆಲಸ ಬಿಟ್ಟು ಓಡಿಬರುತ್ತೀಯ ಎಂದು.

ಊರವರು ಬಾಯಿ ಕಟ್ಟಿಕೊಂಡಿಲ್ಲ. ನೀರಿನ ನಲ್ಲಿಯ ಹತ್ತಿರ ನಂಜಮ್ಮ ಹೇಳುತ್ತಿದ್ದಳು, "ಚೌಡಮ್ಮ ಲೇಟ್ ಮಾಡ್ತಾಳೆ, ಮರೆಯಲ್ಲ."

ನಿನ್ನೆ ಅತ್ತೆ ನನ್ನ ಕೈ ಹಿಡಿದು ಕೇಳಿದರು. "ನಿಜ ಹೇಳೇ. ನಿನ್ ತಮ್ಮ ಸಾಯಕ್ ಮುಂಚೆ ಏನಾರ ಹೇಳಿದ್ನಾ? ನನ್ ಮಗ ಸುಳ್ಳಾಡವ್ನಾ?"

ಕೈ ಬಿಡಿಸಿಕೊಂಡೆ. ಗಂಜಿ ಕುಡಿಸಿ ಬಂದೆ.

ವಾಣಿ

*

ಪುಣೆ
9 ಅಕ್ಟೋಬರ್ 2025

ವಾಣಕ್ಕ,

ನಿಮ್ಮ ಕಾಲು ಹಿಡಿಯುತ್ತೇನೆ. ಅಮ್ಮನಿಗೆ ಫೋನ್ ಮಾಡಿದರೆ 'ಜ್ವರ ಅಷ್ಟೆ' ಎನ್ನುತ್ತಾಳೆ, ದನಿ ಕೇಳಿದರೆ ಗೊತ್ತಾಗುತ್ತದೆ. ಎಲ್ಲಿಯವರೆಗೆ ಬಂದಿದೆ? ಡಾಕ್ಟರಿಗೆ ತೋರಿಸಿದ್ದೀರಾ?

ಹೌದು ಅಕ್ಕ. ಹೇಳಿದ್ದ. ನೀವು ಬರೆದಷ್ಟೂ ಹೇಳಿದ್ದ. ನಾನು ಡಾಕ್ಟರಿಗೆ 'ಸ್ವಲ್ಪ ಬಿಗಿತ ಇದೆಯಂತೆ, ಆಡುತ್ತಾನಂತೆ' ಎಂದೆ. ನಮ್ಮಿಬ್ಬರದು ಜೋಡಿ ಕರಾರು. ಅವನು ಆಡದೆ ಕೂತರೆ ನಾನೂ ಕೂರಬೇಕು. ಅವನಿಗಾದರೆ ಆ ಕೈ ಇತ್ತು, ವಾಸಿಯಾದರೆ ಯಾರಾದರೂ ಕರೆಯುತ್ತಿದ್ದರು. ನನ್ನನ್ನು ಅವನಿಲ್ಲದೆ ಯಾರು ಕರೆಯುತ್ತಿದ್ದರು? ಆ ಸೀಸನ್ ಪೂರ್ತಿ ಆಡಿದ್ದರಿಂದಲೇ ಆಮೇಲೆ ಹುಡುಗರಿಗೆ ಕಲಿಸಲು ನನ್ನನ್ನು ಇಟ್ಟುಕೊಂಡರು. ಇನ್ನು ಕೆಲವೇ ಪಂದ್ಯ, ಆಮೇಲೆ ವಿಶ್ರಾಂತಿ ಸಿಗುತ್ತದೆ ಎಂದುಕೊಂಡೆ. ಎರಡು ಬೆರಳು ತೋರಿಸಿದ್ದೂ ನಿಜ. ಆ ಚೆಂಡಿಗೆ ಎದುರಾಳಿಗಳ ಹತ್ತಿರ ಉತ್ತರ ಇರಲಿಲ್ಲ.

ಅವನು ಮರ ಹತ್ತುವ ಕೆಲಸಕ್ಕೆ ಹೋಗುತ್ತಾನೆ ಎಂದು ನಾನು ಕನಸಿನಲ್ಲಿಯೂ ನೆನೆದಿರಲಿಲ್ಲ.

ಈಗ ನಿಮ್ಮ ಕೈಯಲ್ಲಿದೆ. ಆಣೆ ಕೇಳಿದವರು ನೀವು, ನೀವೇ ಬಿಡಿಸಬಹುದು. ಜವರಪ್ಪನ ಮುಂದೆ 'ನನಗೆ ಸಮಾಧಾನವಾಯಿತು' ಎಂದು ಒಂದು ಮಾತು ಹೇಳಿ. ಅಮ್ಮನಿಗೆ 'ಧರ್ಮ ಏನೂ ಹೇಳಿಲ್ಲ' ಎನ್ನಿ. ಕೇಂದ್ರ, ಸಹಿ ಯಾವುದೂ ಬೇಡ. ಅವಳು ಏನೂ ಮಾಡಿಲ್ಲವಲ್ಲ ಅಕ್ಕ.

ಸುನಿಲ್

*

ಹೊಂಗಡಹಳ್ಳ
14 ಅಕ್ಟೋಬರ್ 2025

ಸುನಿಲ್‌ಕುಮಾರನಿಗೆ,

ಧರ್ಮನೂ ಏನೂ ಮಾಡಿರಲಿಲ್ಲ.

ಅವರಿಗೆ ಹೇಳಬೇಕಾದದ್ದನ್ನು ನೀನೇ ಬಂದು ಹೇಳು. ಬೊಬ್ಬೆ ಎಲ್ಲಿಯವರೆಗೆ ಬಂದಿದೆ ಎಂದು ಬಂದು ನೋಡು.

ವಾಣಿ

*

ಪುಣೆ
3 ನವೆಂಬರ್ 2025

ವಾಣಕ್ಕ,

ನೀವು ಗೆದ್ದಿರಿ. ಹೇಗೆ ಗೆದ್ದಿರಿ ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ನಾನು ಬಂದ ದಿನ ನೀವು ನಿಮ್ಮ ಅಂಗಳದ ಬೇಲಿಯ ಹತ್ತಿರವೇ ನಿಂತಿದ್ದಿರಿ, ನಮ್ಮ ಮನೆಯೊಳಗೆ ಬರಲಿಲ್ಲ.

ಮಾರನಹಳ್ಳಿಯಲ್ಲಿ ಸಿಕ್ಕ ಜೀಪು ಹತ್ತಿ, ಹೆಣದ ಮುಖ ನೋಡಲು ಹೋಗುವವನ ಹಾಗೆ ಹೋದೆ. ಹೋಗಿ ನೋಡಿದರೆ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು! ಬೊಬ್ಬೆ ಒಣಗಿ ಹಕ್ಕಳೆ ಉದುರುತ್ತಿತ್ತು. ಸಕಲೇಶಪುರದ ಡಾಕ್ಟರು ಮೊದಲ ವಾರವೇ ಮಾತ್ರೆ ಕೊಟ್ಟು, ಇದು ಬೆನ್ನು ಸುತ್ತುವುದಿಲ್ಲ, ವಾಸಿಯಾಗುತ್ತದೆ ಎಂದಿದ್ದರಂತೆ. ಕರೆದುಕೊಂಡು ಹೋದವರು ನೀವೇ ಅಂತೆ. ನನಗೆ ಅದನ್ನು ಬರೆಯಲಿಲ್ಲ.

ನಿಮ್ಮ ಮೇಲೆ ಬಂದ ಸಿಟ್ಟಿಗೆ, ಸತ್ಯ ಹೇಳುತ್ತೇನೆ, ಏನೂ ಹೇಳದೆ ವಾಪಸ್ ಹೋಗುವುದು ಎಂದು ತೀರ್ಮಾನಿಸಿದೆ. ಅಮ್ಮ ನಗುತ್ತಾ ಎದ್ದಳು.

"ನೋಡ್ದೇನ್ಲಾ? ಗಡುವು ಮುಗೀತು, ನಾನ್ ಹೆಂಗಿದ್ನೋ ಹಂಗೇ ಇವ್ನಿ. ನಾಳೆ ಹಬ್ಬುಕ್ಕೆ ಮುಗಿಸೋ ಎಲೆ ಎತ್ಬೇಕು. ಆ ನಂಜಿ ಬಾಯಿಗೆ ಬೂದಿ ಹಾಕ್ತೀನಿ. ನೀನೂ ಬಾ, ಪಕ್ಕ ನಿಂತ್ಕೋ."

ಕೈಲಿ ಹಿಡಿದಿದ್ದ ನೀರಿನ ಲೋಟ ಕೆಳಗಿಟ್ಟೆ. ಇನ್ನೊಂದು ಎಲೆ ಅವಳ ಕೈಲಿ ಎತ್ತಿಸಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ.

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. "ಧರ್ಮಂಗೆ ಗೊತ್ತಿತ್ತಾ?" ಎಂದಳು. ಗೊತ್ತಿತ್ತು ಎಂದೆ. "ವಾಣಿಗೆ?" ಅವರಿಗೂ ಎಂದೆ. "ಹಂಗಾದ್ರೆ ನನ್ನೊಬ್ಳುನ್ನೇ ಹುಚ್ಚಿ ಮಾಡಿದ್ರಾ ಎಲ್ರೂ," ಎಂದಳು. ಮೊರ ಎತ್ತಿ ಒಳಗಿಟ್ಟು ಬಂದು, "ಹೊತ್ತಿರಂಗೇ ಹೊಂಟೋಗು. ಬಸ್ ತಪ್ಪೋದ್ರೆ ಇಲ್ಲಿ ಮನಿಕ್ಕಳಕ್ಕೆ ಜಾಗ ಇಲ್ಲ."

ಉಣ್ಣಲು ಹಾಕಲಿಲ್ಲ ಅಕ್ಕ. ಹಬ್ಬದ ಹಿಂದಿನ ದಿನ.

ಮಾರನೆಯ ದಿನ ಬನದಲ್ಲಿ ಅವಳು ಊರವರ ಮುಂದೆ ಕೈಮುಗಿದು ಎಲೆ ತಿರುಗಿಸಿ ಇಟ್ಟಳಂತೆ, ತನ್ನ ಮಾತು ಸುಳ್ಳು ಎಂದಳಂತೆ. ಸಕಲೇಶಪುರಕ್ಕೆ ಮೈದಾನ ನೋಡಲು ಬಂದಿದ್ದವರಿಂದ ಕ್ಲಬ್ಬಿನವರಿಗೂ ಸುದ್ದಿ ಮುಟ್ಟಿದೆ. ಕೇಂದ್ರದ ಮಾತು ಕೈಬಿಟ್ಟರು. ನನ್ನನ್ನು ಮುಂದಿನ ಸೀಸನ್ನಿಗೆ ಬೇಡ ಎಂದಿದ್ದಾರೆ. ಅದೆಲ್ಲ ಹೋಗಲಿ.

ಅಮ್ಮ ಫೋನ್ ಎತ್ತುತ್ತಿಲ್ಲ. ನಿಮ್ಮ ಮನೆಯಲ್ಲೇ ಹೆಚ್ಚು ಹೊತ್ತು ಇರುತ್ತಾಳೆ ಎಂದು ಸಿದ್ದಬಸಪ್ಪ ಹೇಳಿದ. ಒಂದೇ ಒಂದು ಸಲ ನಿಮ್ಮ ಫೋನ್ ಅವಳ ಕಿವಿಗೆ ಹಿಡಿಯಿರಿ. ಅವಳು ಮಾತಾಡುವುದು ಬೇಡ, ನಾನು ಮಾತಾಡುತ್ತೇನೆ. ಅದೂ ಆಗದಿದ್ದರೆ ಇಷ್ಟು ಬರೆಯಿರಿ, ಅವಳು ನನ್ನ ಬಗ್ಗೆ ಏನಾದರೂ ಹೇಳುತ್ತಾಳಾ?

ಸುನಿಲ್

*

ಹೊಂಗಡಹಳ್ಳ
12 ನವೆಂಬರ್ 2025

ಸುನಿಲ್‌ಕುಮಾರನಿಗೆ,

ಡಾಕ್ಟರು ಹೇಳಿದ್ದನ್ನು ನಿನಗೆ ಬರೆಯಲಿಲ್ಲ, ನಿಜ. ನಿನ್ನ ಅಮ್ಮನಿಗೂ ಅಂದೇ ಕನ್ನಡದಲ್ಲಿ ತಿಳಿಸಿ ಹೇಳಿದ್ದರು. ಡಾಕ್ಟರು ಎಷ್ಟು ಹೇಳಿದರೂ ಅವರು ದಿನಾ ಬೆನ್ನು ತೋರಿಸುತ್ತಿದ್ದರು. ಅವರ ಹೆದರಿಕೆ ನಾನು ಹುಟ್ಟಿಸಿದ್ದಲ್ಲ. ನಿನ್ನದು ನಾನು ಹುಟ್ಟಿಸಿದ್ದು.

ಹಬ್ಬದ ಮಾರನೆಯ ದಿನ ಅವರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ನೀನೂ ಗೊತ್ತಿದ್ದು ನನ್ ಕೈಲಿ ಎತ್ತಿಸ್ದೆ," ಎಂದರು. ಹೌದು ಎಂದೆ. ನನ್ನ ಕೆನ್ನೆಗೆ ಹೊಡೆದರು. ಆಮೇಲೆ ಒಳಗೆ ಬಂದು ಒಲೆಯ ಮುಂದೆ ಕೂತರು. ಅಂದಿನಿಂದ ಇಲ್ಲೇ ಉಣ್ಣುತ್ತಾರೆ. ಸಂಜೆ ಒಬ್ಬರೇ ಮನೆಗೆ ಹೋಗಿ ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ವಾಪಸ್ ಬರುತ್ತಾರೆ. ಸರ್ಪಸುತ್ತಿನ ನೋವು ಇನ್ನೂ ಉಳಿದಿದೆ, ಬೆನ್ನಿಗೆ ಎಣ್ಣೆ ಹಚ್ಚುವುದು ನಾನು.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಾನು ಅದಕ್ಕೂ ಸಿದ್ಧವಾಗಿದ್ದೆ. ಹಾಗೇನೂ ಆಗಲಿಲ್ಲ. ಧರ್ಮ ಹೋದ ಮೇಲೆ ಮೊದಲ ಸಲ ನೆಟ್ಟಗೆ ನಿದ್ದೆ ಬರುತ್ತಿದೆ.

ನಿನ್ನ ಫೋನ್ ಬಂದಾಗ "ಯಾರೇ?" ಎಂದು ಕೇಳುತ್ತಾರೆ. ನಿಮ್ಮ ಮಗ ಎನ್ನುತ್ತೇನೆ. ಸುಳ್ಳು ಹೇಳುವುದಿಲ್ಲ. ಅದು ಬಡಿದುಕೊಂಡು ತಾನಾಗಿ ನಿಲ್ಲುತ್ತದೆ. ಅವರ ಕಿವಿಗೆ ಹಿಡಿಯುವುದಿಲ್ಲ. ಅವರೇ ಕೇಳಿದ ದಿನ ಕೊಡುತ್ತೇನೆ, ಅಡ್ಡ ಬರುವುದಿಲ್ಲ.

ನಿನ್ನ ಬಗ್ಗೆ ಏನಾದರೂ ಹೇಳುತ್ತಾರಾ ಎಂದು ಕೇಳಿದ್ದೀಯ. ಹೇಳುತ್ತಾರೆ, ಹೆಚ್ಚುಕಡಿಮೆ ದಿನಾ. ಏನು ಎಂದು ನಾನು ಬರೆಯುವುದಿಲ್ಲ.

ವಾಣಿ